ಮನೆಗೊಂದು ಆಲ್-ಇನ್-ಒನ್ ಪ್ರಿಂಟರ್: ಕಾರ್ಟ್ರಿಜ್, ಇಂಕ್ ಟ್ಯಾಂಕ್, ಲೇಸರ್‌ಗಳಲ್ಲಿ ಯಾವುದು ನಿಮಗೆ?

ಮಕ್ಕಳ ಪ್ರಾಜೆಕ್ಟು, ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಆಧಾರ್ ಜೆರಾಕ್ಸ್, ಹಾಲ್ ಟಿಕೆಟ್. ಇಷ್ಟಕ್ಕೆಲ್ಲ ಅಂಗಡಿಗೆ ಓಡಾಡಿ ಸಾಕಾದವರು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೋ ಧಾರವಾಡದ ಸುಭಾಸ ರಸ್ತೆಗೋ ಪ್ರಿಂಟರ್ ನೋಡಲು ಹೋದರೆ ಮೂರು ಬಗೆಯ ಬೆಲೆ ಎದುರಾಗುತ್ತವೆ. ಇಂಕಿನ ಸಣ್ಣ ಡಬ್ಬಿ ಬದಲಿಸುವ ಕಾರ್ಟ್ರಿಜ್ ಯಂತ್ರಕ್ಕೆ ನಾಲ್ಕೈದು ಸಾವಿರ, ಬಾಟಲಿಯಿಂದ ಇಂಕ್ ತುಂಬಿಸುವ ಇಂಕ್ ಟ್ಯಾಂಕ್‌ಗೆ ಹನ್ನೆರಡರಿಂದ ಹದಿನೈದು ಸಾವಿರ, ಇಂಕಿನ ಬದಲು ಟೋನರ್ ಎಂಬ ಪುಡಿ ಬಳಸುವ ಕಪ್ಪು-ಬಿಳುಪಿನ ಲೇಸರ್‌ಗೆ ಹದಿನೈದರಿಂದ ಇಪ್ಪತ್ತೈದು ಸಾವಿರ. ಮೂರೂ ಪ್ರಿಂಟ್ ತೆಗೆಯುತ್ತವೆ, ಸ್ಕ್ಯಾನ್ ಮಾಡುತ್ತವೆ, ಕಾಪಿ ಕೊಡುತ್ತವೆ. ಅಂದಮೇಲೆ ಅಗ್ಗದ್ದೇ ಸಾಲದೇ ಎಂಬ ಪ್ರಶ್ನೆ ಸಹಜ.

ಕೆಲವರಿಗೆ ಸಾಲುತ್ತದೆ, ಬಹಳ ಮಂದಿಗೆ ಸಾಲದು. ಇದನ್ನು ತೀರ್ಮಾನಿಸುವುದು ಪೆಟ್ಟಿಗೆಯ ಮೇಲಿನ ಬೆಲೆಯಲ್ಲ, ನಿಮ್ಮ ಮನೆಯ ಎರಡು ಲೆಕ್ಕಗಳು. ತಿಂಗಳಿಗೆ ಎಷ್ಟು ಪುಟ ಬೇಕು? ಯಂತ್ರ ಒಮ್ಮೆಗೆ ಎಷ್ಟು ದಿನ ಸುಮ್ಮನೆ ಕೂರುತ್ತದೆ? ಮೊದಲನೆಯದನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ನಮ್ಮ ಭಾಗದಲ್ಲಿ ಪ್ರಿಂಟರ್ ಕೆಡುವುದು ಹೆಚ್ಚಾಗಿ ಆ ಎರಡನೆಯದರಿಂದಲೇ.

ಮೊದಲು ಅಳತೆಗೋಲು

ಪುಟಗಳ ಲೆಕ್ಕಕ್ಕೆ ಕಳೆದ ಮೂರು ತಿಂಗಳಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಏನೇನು ತೆಗೆಸಿದಿರಿ ಎಂದು ನೆನಪಿಸಿಕೊಂಡು ಮೂರರಿಂದ ಭಾಗಿಸಿ. ಯಂತ್ರ ಮನೆಗೆ ಬಂದಮೇಲೆ ಬಳಕೆ ಹೆಚ್ಚುತ್ತದೆ. ಹಾಗಾಗಿ ಬಂದ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ಸುಮ್ಮನೆ ಕೂರುವ ದಿನಗಳ ಮಾತು ಇಂಕ್ ಯಂತ್ರಗಳಿಗೆ ಸಂಬಂಧಿಸಿದ್ದು. ಇಂಕ್ ಹೊರಬರುವ ರಂಧ್ರಗಳು ತಲೆಗೂದಲಿಗಿಂತ ಸಣ್ಣವು. ಬಳಸದೆ ಬಿಟ್ಟರೆ ಅಲ್ಲೇ ಇಂಕ್ ಒಣಗಿ ಗಟ್ಟಿಯಾಗುತ್ತದೆ. ಗದಗ, ರೋಣ, ನರಗುಂದದ ಕಡೆ ಮಾರ್ಚ್‌ನಿಂದ ಮೇವರೆಗೆ ಬೀಸುವ ಒಣ ಬಿಸಿಗಾಳಿಯಲ್ಲಿ ಇದು ಬೇಗ ಆಗುತ್ತದೆ. ಶಾಲೆಗೆ ರಜೆ ಕೊಟ್ಟು ಮನೆಮಂದಿ ಊರಿಗೆ ಹೋಗುವುದೂ ಅದೇ ಹೊತ್ತಿಗೆ. ವರ್ಷದ ಅತಿ ಒಣ ದಿನಗಳಲ್ಲೇ ಯಂತ್ರ ಮುಟ್ಟುವವರಿಲ್ಲದೆ ಕೂತಿರುತ್ತದೆ. ಜೂನ್‌ನಲ್ಲಿ ಪ್ರವೇಶದ ಅರ್ಜಿ ತೆಗೆಯಲು ಹೋದಾಗ ಗೆರೆ ಗೆರೆಯಾಗಿ ಬರುತ್ತದೆ.

ಬಣ್ಣ ನಿಜವಾಗಿ ಬೇಕೇ ಎಂಬುದು ಮುಂದಿನ ಪ್ರಶ್ನೆ. ಐದನೇ ತರಗತಿಯ ಮಗುವಿನ ಚಾರ್ಟಿಗೆ ಬೇಕು. ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರ ನೋಟ್ಸಿಗೆ ಬೇಡ.

ಕರೆಂಟಿನ ಮಾತು: ಇಂಕ್ ಯಂತ್ರ ಪ್ರಿಂಟ್ ಮಾಡುವಾಗ ಎಳೆಯುವುದು ಹದಿನೈದು-ಇಪ್ಪತ್ತು ವ್ಯಾಟ್, ಮನೆಯ ಇನ್ವರ್ಟರ್ ಮೇಲೆ ನಿಶ್ಚಿಂತೆಯಿಂದ ನಡೆಯುತ್ತದೆ. ಲೇಸರ್ ಯಂತ್ರ ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸಬೇಕು. ಒಳಗಿನ ಬಿಸಿ ರೋಲರ್ ಕಾಯುವ ಆ ಕ್ಷಣಗಳಲ್ಲಿ ಎಂಟುನೂರು-ಸಾವಿರ ವ್ಯಾಟ್‌ವರೆಗೂ ಹೋಗಬಹುದು. ಸಣ್ಣ ಇನ್ವರ್ಟರ್ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. ಕಂಪ್ಯೂಟರಿನ ಯುಪಿಎಸ್‌ಗೆ ಲೇಸರ್ ಜೋಡಿಸಲೇಬಾರದು, ನೇರ ಗೋಡೆಯ ಸಾಕೆಟ್ಟೇ ಬೇಕು.

ಕನ್ನಡ ಅಕ್ಷರದ ಸ್ಪಷ್ಟತೆಯ ಬಗ್ಗೆ ಬ್ರೋಷರ್‌ಗಳು ಮಾತಾಡುವುದಿಲ್ಲ. ಇಂಗ್ಲಿಷ್‌ಗೆ ಸಾಲುವ ಗುಣಮಟ್ಟ ನಮ್ಮ ಒತ್ತಕ್ಷರಗಳಿಗೆ ಸಾಲುವುದಿಲ್ಲ. 70 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ತೆಳು ಹಾಳೆಯ ಮೇಲೆ, ಇಂಕ್ ಉಳಿಸುವ ಡ್ರಾಫ್ಟ್ ಮೋಡ್‌ನಲ್ಲಿ, ಹತ್ತು ಪಾಯಿಂಟ್‌ಗಿಂತ ಸಣ್ಣ ಅಕ್ಷರ ತೆಗೆದರೆ ಇಂಕ್ ಹರಡಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲೇಸರ್‌ನಲ್ಲಿ ಈ ತೊಂದರೆ ಇಲ್ಲ. ಇಂಕ್ ಯಂತ್ರವಾದರೆ 75 ಜಿಎಸ್‌ಎಂ ಹಾಳೆ, ಸ್ಟ್ಯಾಂಡರ್ಡ್ ಮೋಡ್, ಹನ್ನೊಂದು-ಹನ್ನೆರಡು ಪಾಯಿಂಟ್ ಇಟ್ಟುಕೊಳ್ಳಿ.

ಕೊನೆಯದಾಗಿ, ಇಂಕ್ ಮತ್ತು ರಿಪೇರಿ ಎಲ್ಲಿ ಸಿಗುತ್ತದೆ? ಹುಬ್ಬಳ್ಳಿಯಲ್ಲಿರುವವರಿಗೆ ಇದು ದೊಡ್ಡ ಪ್ರಶ್ನೆಯಲ್ಲ. ಶಿರಹಟ್ಟಿ, ಹಿರೇಕೆರೂರು, ಮುಂಡರಗಿಯಲ್ಲಿ ಇರುವವರು ಮಾದರಿ ಆರಿಸುವ ಮೊದಲು ತಮ್ಮ ಊರಿನ ಅಂಗಡಿಯಲ್ಲಿ ಆ ಇಂಕ್ ಅಥವಾ ಟೋನರ್ ಇಟ್ಟಿದ್ದಾರೆಯೇ ಎಂದು ಕೇಳಲೇಬೇಕು. ಒಂದು ಬಾಟಲಿ ಕಪ್ಪು ಇಂಕಿಗಾಗಿ ಬಸ್ಸು ಹತ್ತುವಂತಾದರೆ ಯಂತ್ರ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಕಡಿಮೆ.

ಕೊಳ್ಳದೇ ಇರುವುದೂ ಒಂದು ಆಯ್ಕೆ

ತಿಂಗಳಿಗೆ ಹದಿನೈದು ಪುಟ, ಪುಟಕ್ಕೆ 2 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 360 ರೂಪಾಯಿ. ಈ ಮನೆಗೆ ಯಾವ ಪ್ರಿಂಟರೂ ಗಿಟ್ಟುವುದಿಲ್ಲ. ಸ್ಕ್ಯಾನ್ ಮಾತ್ರ ಬೇಕಿದ್ದರೆ ಫೋನಿನ ಸ್ಕ್ಯಾನ್ ಆ್ಯಪ್ ಸಾಕು. ಸಂಜೆಯ ಬೆಳಕಿಗಿಂತ ಹಗಲು ಕಿಟಕಿಯ ಪಕ್ಕ ಇಟ್ಟು ತೆಗೆದರೆ ನೆರಳು ಬೀಳುವುದಿಲ್ಲ. ಆದರೂ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ತಿಪತ್ರಗಳನ್ನು ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸುವುದು ಬೇಡವೆನಿಸಿದರೆ, ಅಥವಾ ರಾತ್ರಿ ಹತ್ತಕ್ಕೆ ಮಗು ‘ನಾಳೆ ಪ್ರಾಜೆಕ್ಟ್ ಕೊಡಬೇಕು’ ಎನ್ನುವ ಮನೆಯಾದರೆ, ಆ ಅನುಕೂಲಕ್ಕೆ ಹಣ ಕೊಡುವುದು ತಪ್ಪಲ್ಲ. ಅದು ಉಳಿತಾಯವಲ್ಲ, ಅನುಕೂಲ ಎಂದು ತಿಳಿದು ಕೊಳ್ಳಿ, ಅಷ್ಟೇ.

ಇನ್ನೊಂದು ತುದಿಯಲ್ಲಿ, ಮದುವೆ ಪತ್ರಿಕೆ, ಸಂಘದ ಕರಪತ್ರ, ನೂರಾರು ಪ್ರತಿಯ ಪುಸ್ತಿಕೆಗಳನ್ನು ಮನೆಯ ಯಂತ್ರದಲ್ಲಿ ತೆಗೆಯಲು ಹೋಗಬೇಡಿ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗ ಪಕ್ಕದಲ್ಲೇ ಇದೆ. ಅಲ್ಲಿನ ಆಫ್‌ಸೆಟ್ ಪ್ರೆಸ್ಸುಗಳ ದರಕ್ಕೂ ಗುಣಕ್ಕೂ ಮನೆ ಪ್ರಿಂಟರ್ ಸಾಟಿಯಾಗದು.

ಕಾರ್ಟ್ರಿಜ್ ಯಂತ್ರ

ಎಚ್‌ಪಿ ಡೆಸ್ಕ್‌ಜೆಟ್, ಕ್ಯಾನನ್ ಪಿಕ್ಸ್‌ಮಾದ ಸಣ್ಣ ಮಾದರಿಗಳು ಈ ಗುಂಪಿನವು. ಎಚ್‌ಪಿ 805 ಕಪ್ಪು ಕಾರ್ಟ್ರಿಜ್‌ನಲ್ಲಿ ಬರುವುದು ಸುಮಾರು 120 ಪುಟ, ಬಣ್ಣದ್ದರಲ್ಲಿ ಸುಮಾರು 100. ಕ್ಯಾನನ್ ಪಿಜಿ-47ರಲ್ಲಿ ಸುಮಾರು 400. ಕಾರ್ಟ್ರಿಜ್ ಬೆಲೆಯನ್ನು ಪುಟಗಳಿಂದ ಭಾಗಿಸಿದರೆ ನಿಜವಾದ ಬೆಲೆ ಕಾಣುತ್ತದೆ. 120 ಪುಟದ ಕಾರ್ಟ್ರಿಜ್ 700 ರೂಪಾಯಿ ಎಂದರೆ ಪುಟಕ್ಕೆ ಆರು ರೂಪಾಯಿ ಹತ್ತಿರ, ಜೆರಾಕ್ಸ್ ಅಂಗಡಿಯ ಮೂರು ಪಟ್ಟು. ತಿಂಗಳಿಗೆ 60 ಪುಟದಂತೆ ಮೂರು ವರ್ಷಕ್ಕೆ 2160 ಪುಟ. ಅಂದರೆ ಹದಿನೆಂಟು ಕಾರ್ಟ್ರಿಜ್, ಹನ್ನೆರಡೂವರೆ ಸಾವಿರ. ಯಂತ್ರದ ಬೆಲೆ ಬೇರೆ. ಅಷ್ಟರಲ್ಲಿ ಟ್ಯಾಂಕ್ ಪ್ರಿಂಟರೇ ಬರುತ್ತಿತ್ತು.

ಇದಕ್ಕೊಂದು ದೊಡ್ಡ ಗುಣವೂ ಇದೆ, ಅದನ್ನು ಮರೆತು ಈ ಯಂತ್ರವನ್ನು ಬೈಯುವುದು ಸರಿಯಲ್ಲ. ಇಂಕ್ ಚಿಮ್ಮುವ ಹೆಡ್ ಕಾರ್ಟ್ರಿಜ್‌ನಲ್ಲೇ ಇರುತ್ತದೆ. ರಂಧ್ರ ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿ, ಹೆಡ್ ಹೊಸದಾದಂತೆಯೇ. ನಷ್ಟ ಒಂದು ಕಾರ್ಟ್ರಿಜ್‌ಗೆ ಸೀಮಿತ. ತಿಂಗಳಿಗೆ ಇಪ್ಪತ್ತು ಪುಟದೊಳಗೆ, ಬಣ್ಣವೂ ಬೇಕು, ಕೈಯಲ್ಲಿ ಐದು ಸಾವಿರವಷ್ಟೇ ಇದೆ ಎನ್ನುವವರಿಗೆ ಇದು ನ್ಯಾಯವಾದ ಆಯ್ಕೆ. ಕಟ್ಟಿಕೊಂಡಾಗ ಮೊದಲು ಇಷ್ಟು ಮಾಡಿ: ಟಿಶ್ಯೂ ಮಡಚಿ, ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ಒದ್ದೆ ಮಾಡಿ, ಕಾರ್ಟ್ರಿಜ್‌ನ ಹೆಡ್ ಭಾಗವನ್ನು ಅದರ ಮೇಲೆ ಎರಡು ನಿಮಿಷ ಇಡಿ. ಇಂಕ್ ಗುರುತು ಮೂಡಿದರೆ ಜೀವ ಇದೆ. ತಾಮ್ರದ ಬಣ್ಣದ ಸಂಪರ್ಕಗಳಿಗೆ ನೀರು ತಾಗಬಾರದು.

ಸಿರಿಂಜಿನಲ್ಲಿ ಇಂಕ್ ತುಂಬಿಸಿದರೆ ಅಗ್ಗವಾಗುವುದು ನಿಜ. ಆದರೆ ಈ ಹೆಡ್‌ಗಳು ಇಂಕನ್ನು ಕಾಯಿಸಿ ಚಿಮ್ಮಿಸುವಂಥವು, ಅವುಗಳಿಗೆ ತಂಪು ಕೊಡುವುದೂ ಇಂಕೇ. ಪೂರ್ತಿ ಖಾಲಿಯಾಗುವವರೆಗೆ ಓಡಿಸಿ ಆಮೇಲೆ ತುಂಬಿಸಿದರೆ ಹೆಡ್ ಸುಟ್ಟಿರುತ್ತದೆ. ಮಸುಕಾಗಲು ಶುರುವಾದ ದಿನವೇ ತುಂಬಿಸಬೇಕು.

ಇಂಕ್ ಟ್ಯಾಂಕ್

ಮಕ್ಕಳಿರುವ, ವಾರಕ್ಕೆರಡು ಸಲವಾದರೂ ಪ್ರಿಂಟ್ ತೆಗೆಯುವ ಮನೆಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ. ಎಪ್ಸನ್ ಎಲ್3210 ಮತ್ತು ವೈಫೈ ಇರುವ ಎಲ್3250, ಕ್ಯಾನನ್‌ನ ಜಿ ಸರಣಿ, ಬ್ರದರ್ ಡಿಸಿಪಿ-ಟಿ420ಡಬ್ಲ್ಯು, ಎಚ್‌ಪಿ ಸ್ಮಾರ್ಟ್ ಟ್ಯಾಂಕ್ ಮಾದರಿಗಳು ಈ ಗುಂಪಿನಲ್ಲಿವೆ. ಎಪ್ಸನ್ 003 ಕಪ್ಪು ಬಾಟಲಿ 65 ಮಿಲಿ, ಸುಮಾರು 4500 ಪುಟ. ಬಾಟಲಿಗೆ ನಾನೂರು ರೂಪಾಯಿ ಎಂದರೆ ಪುಟಕ್ಕೆ ಇಂಕಿನ ಖರ್ಚು ಒಂಬತ್ತು ಪೈಸೆ. ಹಾಳೆಯ ಖರ್ಚು ಅದರ ಐದಾರು ಪಟ್ಟು. ಮೊದಲ ಬಾರಿ ತುಂಬಿಸಿದ ಇಂಕಿನಲ್ಲಿ ಒಂದಷ್ಟು ಕೊಳವೆಗಳನ್ನು ತುಂಬಲು ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಬಂದ ಬಾಟಲಿಗಳಿಂದ ಹೇಳಿದಷ್ಟು ಪುಟ ಬರುವುದಿಲ್ಲ. ಅದು ದೋಷವಲ್ಲ.

ಈ ಯಂತ್ರಗಳ ನಡುವೆ ಆರಿಸುವಾಗ ಕಪ್ಪು ಇಂಕಿನ ಜಾತಿ ನೋಡಿ. ಎಪ್ಸನ್ 003ರ ನಾಲ್ಕೂ ಬಣ್ಣ ಡೈ ಇಂಕ್, ಅಂದರೆ ದ್ರವದಲ್ಲಿ ಕರಗಿದ ಬಣ್ಣ. ಫೋಟೋ ಚೆಂದ ಬರುತ್ತದೆ, ಆದರೆ ನೀರು ತಾಗಿದರೆ ಅಕ್ಷರ ಹರಿಯುತ್ತದೆ. ಕ್ಯಾನನ್ ಜಿ2010, ಜಿ3010ಗಳ ಜಿಐ-790 ಕಪ್ಪು, ಬ್ರದರ್‌ನ ಡಿ60 ಕಪ್ಪು ಪಿಗ್ಮೆಂಟ್ ಇಂಕ್, ಅಂದರೆ ಕರಗದ ಸಣ್ಣ ಕಣಗಳ ಬಣ್ಣ. ಇವು ಹಾಳೆಯ ಮೇಲೆಯೇ ನಿಲ್ಲುತ್ತವೆ, ಅಕ್ಷರದ ಅಂಚು ಚೊಕ್ಕ, ಒದ್ದೆಗೆ ಹೆಚ್ಚು ತಡೆದುಕೊಳ್ಳುತ್ತವೆ. ಧಾರವಾಡದ ಜುಲೈ ಮಳೆಯಲ್ಲಿ ಅರ್ಜಿ ಹಿಡಿದು ಕಚೇರಿಗೆ ಅಲೆಯುವವರಿಗೆ, ಕನ್ನಡ ಪಠ್ಯವೇ ಹೆಚ್ಚಿರುವ ಶಿಕ್ಷಕರಿಗೆ, ವಕೀಲರ ಗುಮಾಸ್ತರಿಗೆ ಪಿಗ್ಮೆಂಟ್ ಕಪ್ಪಿನ ಯಂತ್ರವನ್ನೇ ಹೇಳುತ್ತೇನೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಮನೆಯಲ್ಲೇ ತೆಗೆಯುವ ಆಸೆ ಇದ್ದರೆ ಎಪ್ಸನ್ ಒಳ್ಳೆಯದು. 4×6 ಇಂಚಿನ ಗ್ಲಾಸಿ ಹಾಳೆಯಲ್ಲಿ 35×45 ಮಿಮೀ ಅಳತೆಯ ಎಂಟು ಫೋಟೋ ಕೂರುತ್ತವೆ.

ಹಾಳೆ ಎಲ್ಲಿಂದ ಹೋಗುತ್ತದೆ ಎಂಬುದನ್ನೂ ನೋಡಿ. ಎಲ್3250ರಲ್ಲಿ ಹಾಳೆ ಹಿಂದೆ ತೆರೆದುಕೊಂಡು ನಿಲ್ಲುತ್ತದೆ, ನೂರು ಹಾಳೆ ಹಿಡಿಯುತ್ತದೆ. ಬ್ರದರ್ ಟಿ420ರಲ್ಲಿ ಕೆಳಗೆ ಮುಚ್ಚಿದ ಟ್ರೇ ಇದೆ. ಅಣ್ಣಿಗೇರಿ, ನವಲಗುಂದದ ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ತೆರೆದ ಹಾಳೆಯ ಮೂಲಕ ಅದು ಹಾಳೆ ಎಳೆದುಕೊಳ್ಳುವ ಪಿಕಪ್ ರೋಲರ್ ಮೇಲೆ ಕೂತರೆ ರಬ್ಬರ್ ಜಾರಿ, ಹಾಳೆ ಇದ್ದರೂ ಯಂತ್ರ ‘ಪೇಪರ್ ಇಲ್ಲ’ ಎನ್ನುತ್ತದೆ. ನೂಲು ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ರೋಲರನ್ನು ಕೈಯಿಂದ ತಿರುಗಿಸುತ್ತ ಒರೆಸಿದರೆ ಸರಿಹೋಗುತ್ತದೆ. ಎಣ್ಣೆ ಮುಟ್ಟಿಸಬೇಡಿ. ತೆರೆದ ಟ್ರೇ ಇರುವ ಯಂತ್ರವಾದರೆ ಕೆಲಸ ಮುಗಿದ ಮೇಲೆ ಹಾಳೆ ತೆಗೆದಿಟ್ಟು ಬಟ್ಟೆ ಮುಚ್ಚಿ.

ಒಣಗುವ ಸಮಸ್ಯೆ ಟ್ಯಾಂಕ್ ಯಂತ್ರದ ಅತಿ ದೊಡ್ಡ ಅಪಾಯ. ಎಪ್ಸನ್‌ನಲ್ಲಿ ಹೆಡ್ ಯಂತ್ರಕ್ಕೇ ಜೋಡಿಸಿದ್ದು. ಪೂರ್ತಿ ಕಟ್ಟಿಕೊಂಡರೆ ಬದಲಿಸುವ ಖರ್ಚು ಹೊಸ ಯಂತ್ರದ ಹತ್ತಿರ ಹೋಗಬಹುದು. ತಡೆಯುವುದು ಮಾತ್ರ ಸುಲಭ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಿರಿ. ಬರೀ ಕಪ್ಪು ತೆಗೆಯುತ್ತಿದ್ದರೆ ಹಳದಿ, ನೀಲಿ ಒಳಗೇ ಒಣಗುತ್ತವೆ. ಯಂತ್ರದ ಬಟನ್‌ನಿಂದಲೇ ಆಫ್ ಮಾಡಿ. ಹಾಗೆ ಮಾಡಿದಾಗ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ತೆಗೆದರೆ ಹೆಡ್ ನಡುದಾರಿಯಲ್ಲಿ ಬಾಯ್ತೆರೆದೇ ನಿಲ್ಲಬಹುದು. ಕೆಲಸದ ನಡುವೆ ಕರೆಂಟ್ ಹೋಗಿದ್ದರೆ, ಬಂದಮೇಲೆ ಒಮ್ಮೆ ಆನ್ ಮಾಡಿ ಸರಿಯಾಗಿ ಆಫ್ ಮಾಡಿ.

ಗೆರೆ ಬಂದಾಗ ಗಾಬರಿಯಿಂದ ಹೆಡ್ ಕ್ಲೀನಿಂಗನ್ನು ಹತ್ತು ಸಲ ಒತ್ತುವವರಿದ್ದಾರೆ, ಇದು ತಪ್ಪು. ಮೊದಲು ಇಂಕಿನ ರಂಧ್ರಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಪುಟ ತೆಗೆದು ಯಾವ ಬಣ್ಣ ತುಂಡಾಗಿದೆ ನೋಡಿ. ಒಮ್ಮೆ ಕ್ಲೀನಿಂಗ್, ಮತ್ತೆ ಚೆಕ್. ಹೀಗೆ ಮೂರು ಸಲವಾದರೂ ಸರಿಹೋಗದಿದ್ದರೆ ಹನ್ನೆರಡು ತಾಸು ಸುಮ್ಮನೆ ಬಿಡಿ. ಒಣಗಿದ ಇಂಕ್ ಮೆತ್ತಗಾಗಲು, ಗಾಳಿಗುಳ್ಳೆ ಏರಿಹೋಗಲು ಅಷ್ಟು ಹೊತ್ತು ಬೇಕು. ಆಮೇಲೂ ಬರದಿದ್ದರೆ ಹೆಚ್ಚು ಇಂಕ್ ಹರಿಸಿ ತೊಳೆಯುವ ಪವರ್ ಕ್ಲೀನಿಂಗ್. ಅದಕ್ಕೆ ಪ್ರತಿ ಟ್ಯಾಂಕಿನಲ್ಲೂ ಮೂರನೇ ಒಂದು ಭಾಗವಾದರೂ ಇಂಕ್ ಇರಬೇಕು. ಇಲ್ಲದಿದ್ದರೆ ಕೊಳವೆಗೆ ಗಾಳಿ ಹೊಕ್ಕು ಕೆಲಸ ಇನ್ನೂ ಕೆಡುತ್ತದೆ. ಇದೇ ಕಾರಣಕ್ಕೆ ಟ್ಯಾಂಕ್ ಎಂದೂ ಕೆಳಗಿನ ಗೆರೆಗಿಂತ ಇಳಿಯಬಾರದು.

ಕ್ಲೀನಿಂಗ್ ಮಾಡಿದಾಗ ಹೊರಬಂದ ಇಂಕ್ ಒಳಗಿನ ಒಂದು ಸ್ಪಂಜಿಗೆ ಹೋಗುತ್ತದೆ. ಅದು ತುಂಬಿತೆಂದು ಯಂತ್ರದ ಲೆಕ್ಕಕ್ಕೆ ಬಂದ ದಿನ ಪ್ರಿಂಟರ್ ನಿಲ್ಲುತ್ತದೆ. ಎಲ್3210, ಎಲ್3250ಗಳಲ್ಲಿ ಆಗ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಕ್ಯಾನನ್ ಜಿ3020ರಂಥ ಮಾದರಿಗಳಲ್ಲಿ ಮೇಂಟೆನೆನ್ಸ್ ಕಾರ್ಟ್ರಿಜ್ ಎಂಬ ಬಿಡಿಭಾಗ ತಂದು ಮನೆಯಲ್ಲೇ ಬದಲಿಸಬಹುದು. ನಗರದಿಂದ ದೂರ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಕ್ಯಾನನ್ ಜಿ ಸರಣಿಯ ಹೆಡ್‌ಗಳನ್ನೂ ಬಿಡಿಯಾಗಿ ಬದಲಿಸಲು ಬರುತ್ತದೆ.

ಕೋಣೆ ಬದಲಿಸುತ್ತಲೇ ಇರುವ ವಿದ್ಯಾರ್ಥಿಗಳಿಗೆ ಟ್ಯಾಂಕ್ ಯಂತ್ರ ಹೇಳುವುದಿಲ್ಲ. ತೂಕ ನಾಲ್ಕು ಕೆಜಿಯೇ ಆದರೂ ಆಟೋದಲ್ಲಿ ವಾಲಿಸಿ ಒಯ್ದರೆ ಇಂಕ್ ಸೋರುತ್ತದೆ, ಕೊಳವೆಗೆ ಗಾಳಿ ಹೋಗುತ್ತದೆ. ಒಯ್ಯಲೇಬೇಕಾದರೆ ಮುಚ್ಚಳ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮಟ್ಟಸವಾಗಿ ತೊಡೆಯ ಮೇಲೆ ಹಿಡಿದುಕೊಳ್ಳಿ.

ಲೇಸರ್

ಎಚ್‌ಪಿ ಎಂ1005, ಕ್ಯಾನನ್ ಎಂಎಫ್3010: ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಶಾಲೆ, ಸೊಸೈಟಿಗಳಲ್ಲಿ ಹೆಚ್ಚು ಕಾಣುವ ಈ ಎರಡು ಮಾದರಿಗಳೇ ಲೇಸರ್‌ನ ಬಲಕ್ಕೆ ಸಾಕ್ಷಿ. ಟೋನರ್ ಪುಡಿಯಾದ್ದರಿಂದ ಒಣಗುವ ಪ್ರಶ್ನೆಯೇ ಇಲ್ಲ. ಎರಡು ತಿಂಗಳು ಊರಿಗೆ ಹೋಗಿ ಬಂದು ಆನ್ ಮಾಡಿದರೂ ಮೊದಲ ಪುಟವೇ ಚೊಕ್ಕ. ನೀರು ಬಿದ್ದರೂ ಅಕ್ಷರ ಹರಿಯದು. ಎಂಎಫ್3010 ನಿಮಿಷಕ್ಕೆ 18 ಪುಟ ತೆಗೆಯುತ್ತದೆ, ಎಲ್3250 ಸುಮಾರು 10. ಆಧಾರ್ ಕಾರ್ಡಿನ ಎರಡೂ ಬದಿಯನ್ನು ಒಂದೇ ಹಾಳೆಗೆ ತರುವ ಐಡಿ ಕಾರ್ಡ್ ಕಾಪಿ ಬಟನ್ ಇರುವುದು ಮನೆಗೂ ಉಪಯೋಗ.

ಕಳೆದುಕೊಳ್ಳುವುದೂ ಇದೆ. ಬಣ್ಣ ಇಲ್ಲ. ಎಂಎಫ್3010ರಲ್ಲಿ ವೈಫೈ ಇಲ್ಲ, ತೂಕ ಎಂಟು ಕೆಜಿ ಮೇಲೆ. ಫೋನಿನಿಂದ ತೆಗೆಯಬೇಕಿದ್ದರೆ ಎಚ್‌ಪಿ 136ಡಬ್ಲ್ಯು ಅಥವಾ ಬ್ರದರ್ ಎಲ್2541ಡಿಡಬ್ಲ್ಯು ತರಹದವು ಬೇಕು. ಎರಡನೆಯದರಲ್ಲಿ ಹಾಳೆಯ ಎರಡೂ ಬದಿಗೆ ತಾನೇ ಪ್ರಿಂಟ್ ಮಾಡುವ ಸೌಲಭ್ಯವೂ ಇದೆ. ಐನೂರು ಪುಟದ ನೋಟ್ಸ್ ತೆಗೆಯುವವರಿಗೆ ಹಾಳೆಯ ಖರ್ಚು ಅರ್ಧಕ್ಕಿಳಿಯುತ್ತದೆ, ಕಟ್ಟೂ ತೆಳ್ಳಗಾಗುತ್ತದೆ.

ಪುಟದ ಖರ್ಚು ಕಂಪನಿ ಟೋನರ್‌ನಲ್ಲಿ ಟ್ಯಾಂಕ್‌ಗಿಂತ ಬಹಳ ಹೆಚ್ಚು. ಎಂ1005ಕ್ಕೆ ಹಾಕುವ 12ಎ ಟೋನರ್ ಸುಮಾರು 2000 ಪುಟ, ಎಂಎಫ್3010ಕ್ಕೆ ಹಾಕುವ ಕ್ಯಾನನ್ 925 ಸುಮಾರು 1600 ಪುಟ. ಜೊತೆಗೆ ಬರುವ ಮೊದಲ ಟೋನರ್ ಸಾಮಾನ್ಯವಾಗಿ ಅರ್ಧದಷ್ಟೇ ತುಂಬಿರುತ್ತದೆ. ಸ್ಥಳೀಯವಾಗಿ ಪುಡಿ ತುಂಬಿಸಿದರೆ ಕೆಲವೇ ನೂರರಲ್ಲಿ ಮುಗಿಯುವುದರಿಂದಲೇ ಅಂಗಡಿಯವರಿಗೆ ಇದು ಗಿಟ್ಟುತ್ತದೆ. ಆದರೆ 12ಎ, 925ರಲ್ಲಿ ಪುಡಿಯನ್ನು ಹಾಳೆಗೆ ದಾಟಿಸುವ ಡ್ರಮ್ ಕೂಡ ಅದೇ ಕಾರ್ಟ್ರಿಜ್‌ನಲ್ಲಿದೆ, ಅದು ಸವೆಯುತ್ತದೆ. ಪುಟದಲ್ಲಿ ಸುಮಾರು 75 ಮಿಮೀಗೊಮ್ಮೆ ಒಂದೇ ಕಲೆ ಮತ್ತೆ ಮತ್ತೆ ಬಂದರೆ ಡ್ರಮ್ ಗೀರಿದೆ ಎಂದರ್ಥ, ಪುಡಿ ತುಂಬಿಸಿ ಪ್ರಯೋಜನವಿಲ್ಲ. ಬ್ರದರ್ ಎಲ್2541ರಲ್ಲಿ ಟೋನರ್ ಬೇರೆ, ಡ್ರಮ್ ಬೇರೆ. ಟೋನರ್ 2600 ಪುಟ, ಡ್ರಮ್ ಸುಮಾರು 12,000.

ಪುಟ ಹೊರಬರುವ ಮುನ್ನ ಕರೆಂಟ್ ಹೋದರೆ ಹಾಳೆ ಬಿಸಿ ರೋಲರ್ ನಡುವೆ ಸಿಕ್ಕಿಬೀಳುತ್ತದೆ. ಸ್ವಿಚ್ ತೆಗೆದು, ಅರ್ಧ ತಾಸು ಆರಲು ಬಿಟ್ಟು, ಹಾಳೆ ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಯಿಂದ ಎಳೆಯಿರಿ. ಟೋನರ್ ಪುಡಿ ಚೆಲ್ಲಿದರೆ ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಬಿದ್ದಿದ್ದರೆ ಕೊಡವಿ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಸ್ಕ್ಯಾನರ್, ವೈಫೈ, ಹಾಳೆ

ಮೂರೂ ಬಗೆಯಲ್ಲಿ ಗಾಜಿನ ಅಳತೆ ಎ4 ಅಷ್ಟೇ. ಹಳೆಯ ಖರೀದಿಪತ್ರ, ಕೋರ್ಟಿನ ಕಾಗದ ಲೀಗಲ್ ಅಳತೆಯಲ್ಲಿದ್ದರೆ 14 ಇಂಚಿನಲ್ಲಿ ಎರಡು ಇಂಚಿಗೂ ಹೆಚ್ಚು ಹೊರಗುಳಿಯುತ್ತದೆ. ಅಂಥ ಕೆಲಸ ಹೆಚ್ಚಿದ್ದರೆ ಮೇಲಿನಿಂದ ಹಾಳೆ ಎಳೆದುಕೊಳ್ಳುವ ಎಡಿಎಫ್ ಇರುವ, ಲೀಗಲ್ ಒಪ್ಪುವ ಮಾದರಿಯನ್ನೇ ಕೇಳಿ. ದಪ್ಪ ಪುಸ್ತಕದ ನಡುಮಡಿಕೆ ಈ ಸಣ್ಣ ಸ್ಕ್ಯಾನರ್‌ಗಳಲ್ಲಿ ಮಸುಕಾಗುತ್ತದೆ. ಗಾಜಿಗೆ ತಾಗದ ಭಾಗ ಇವುಗಳ ಸೆನ್ಸರಿಗೆ ಸ್ಪಷ್ಟವಾಗಿ ಕಾಣದು. ಅರ್ಜಿಗಳಿಗೆ ದಾಖಲೆ ಏರಿಸುವಾಗ 200 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸಾಕು, ಕಡತವೂ ಸಣ್ಣದಿರುತ್ತದೆ. ಮನೆಯಲ್ಲಿ ಕಾಪಾಡಿಡಲು 300.

ಸಣ್ಣ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಫೈಬರ್ ರೌಟರ್‌ನಲ್ಲಿ ಎರಡು ಹೆಸರು ಕಾಣುತ್ತಿದ್ದರೆ ‘5ಜಿ’ ಎಂದಿರುವುದನ್ನು ಬಿಟ್ಟು ಇನ್ನೊಂದಕ್ಕೆ ಜೋಡಿಸಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಫೋನಿನಿಂದ ನೇರ ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿದರೆ ಯಾವ ಪ್ರಿಂಟರಿನಲ್ಲೂ ಸರಿಯಾಗಿ ಬರುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಎರಡೆರಡು ಒಟ್ಟಿಗೆ ಹೋಗುತ್ತವೆ. ರೀಮಿನ ಹೊದಿಕೆ ಪೂರ್ತಿ ಹರಿಯದೆ ಪ್ಲಾಸ್ಟಿಕ್ ಚೀಲದಲ್ಲಿಡಿ, ಒಮ್ಮೆಗೆ ಇಪ್ಪತ್ತು-ಮೂವತ್ತು ಹಾಳೆ ಮಾತ್ರ ಬಿಡಿಸಿ ಹಾಕಿ.

ಯಾರಿಗೆ ಯಾವುದು

ಶಾಲೆಗೆ ಹೋಗುವ ಮಕ್ಕಳಿದ್ದು ತಿಂಗಳಿಗೆ 40 ಪುಟ ದಾಟುವ ಮನೆಗೆ ವೈಫೈ ಇರುವ ಇಂಕ್ ಟ್ಯಾಂಕ್. ಬೇಸಿಗೆ ರಜೆಯಲ್ಲಿ ಯಾರಾದರೂ ವಾರಕ್ಕೊಂದು ಪುಟ ತೆಗೆಯುವ ಏರ್ಪಾಡು ಇರಲಿ. ಅದು ಆಗದ ಮಾತು, ಮನೆಗೆ ಬೀಗ ಹಾಕಿ ಹೋಗುತ್ತೇವೆ ಎನ್ನುವವರು ಬಣ್ಣದ ಆಸೆ ಬಿಟ್ಟು ಲೇಸರ್ ತೆಗೆದುಕೊಂಡು, ಅಪರೂಪದ ಬಣ್ಣದ ಪುಟವನ್ನು ಅಂಗಡಿಯಲ್ಲಿ ತೆಗೆಸಿ. ಪರೀಕ್ಷೆಗೆ ಓದುವ ಮೂರ್ನಾಲ್ಕು ಗೆಳೆಯರು ಒಂದೇ ಮನೆಯಲ್ಲಿದ್ದರೆ ಹಣ ಕೂಡಿಸಿ ಎರಡು ಬದಿಯ ಲೇಸರ್. ಒಬ್ಬರೇ ಇದ್ದರೆ ಅಂಗಡಿಯೇ ಸಾಕು. ಹಳ್ಳಿಯಲ್ಲಿ ಸಣ್ಣದಾಗಿ ಅರ್ಜಿ ತುಂಬಿಕೊಡುವ ಕೆಲಸ ಮಾಡುವವರಿಗೆ, ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ನಡೆಯಬೇಕಾದ್ದರಿಂದ, ಪಿಗ್ಮೆಂಟ್ ಕಪ್ಪಿನ ಟ್ಯಾಂಕ್. ನಿವೃತ್ತರಾದ ಇಬ್ಬರೇ ಇರುವ, ತಿಂಗಳಿಗೆ ಐದಾರು ಪುಟದ ಮನೆಗೆ ಏನೂ ಬೇಡ. ಬೇಕೇ ಬೇಕೆಂದರೆ ಕಾರ್ಟ್ರಿಜ್.

ಹಣ ಕೊಡುವ ಮುನ್ನ ಅಂಗಡಿಯಲ್ಲಿ ನಿಮ್ಮದೇ ಕಡತದ ಒಂದು ಕನ್ನಡ ಪುಟ ತೆಗೆಸಿ ನೋಡಿ. ಬೆರಳನ್ನು ಒದ್ದೆ ಮಾಡಿ ಅಕ್ಷರದ ಮೇಲೆ ಎಳೆಯಿರಿ. ವಾರಂಟಿ ಬರೀ ವರ್ಷದ್ದೋ, ಪುಟಸಂಖ್ಯೆಯ ಮಿತಿಯೂ ಇದೆಯೋ ಕೇಳಿ. ಹಲವು ಟ್ಯಾಂಕ್ ಯಂತ್ರಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಬಿಲ್ಲಿನ ಮೇಲೆ ಯಂತ್ರದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಟ್ಯಾಂಕ್ ಯಂತ್ರವಾದರೆ ಅಂಗಡಿಯವರು ಇಂಕ್ ತುಂಬಿಸಿ ಕೊಡುತ್ತೇವೆ ಎಂದರೂ ಬೇಡವೆನ್ನಿ. ಖಾಲಿಯಾಗಿ ತಂದು, ಅದು ಕೂರುವ ಜಾಗದಲ್ಲೇ ಇಟ್ಟು ತುಂಬಿಸಿ.